ರಾಗಿ ಬಿಸ್ಕತ್ತಿನ ತರಿ: ಫ್ರೀಡ್‌ಮನ್ ಪರೀಕ್ಷೆ ಸಾಕೆ, ಕ್ರಮವನ್ನೂ ಪರೀಕ್ಷಿಸಬೇಕೆ?

ಪ್ರಶ್ನೆ

ಆಹಾರ ವಿಜ್ಞಾನದ ಸ್ನಾತಕೋತ್ತರ ಪ್ರಬಂಧಕ್ಕಾಗಿ, ಮೈದಾಹಿಟ್ಟಿಗೆ ಶೇಕಡಾ 0, 20, 40 ಮತ್ತು 60ರಷ್ಟು ರಾಗಿ ಹಿಟ್ಟು ಬೆರೆಸಿ ಮಾಡಿದ ನಾಲ್ಕು ಬಗೆಯ ಬಿಸ್ಕತ್ತುಗಳನ್ನು ಹತ್ತು ಮಂದಿ ರುಚಿಪರೀಕ್ಷಕರಿಗೆ ಕೊಟ್ಟು, ಬಾಯಲ್ಲಿ ಎಷ್ಟು ತರಿತರಿಯೆನಿಸುತ್ತದೆ ಎಂಬುದಕ್ಕೆ 1ರಿಂದ 9ರವರೆಗಿನ ಅಂಕ ಪಡೆದಿದ್ದೇನೆ. ಪ್ರತಿಯೊಬ್ಬರೂ ನಾಲ್ಕನ್ನೂ ತಿಂದಿದ್ದಾರೆ. ಕೊಡುವ ಸರದಿಯನ್ನು ಒಬ್ಬೊಬ್ಬರಿಗೂ ಚೀಟಿ ಎತ್ತಿ ನಿರ್ಧರಿಸಲಾಗಿತ್ತು. ರಾಗಿ ಹೆಚ್ಚಿದಂತೆ ತರಿಯೂ ಹೆಚ್ಚುತ್ತದೆ ಎಂಬ ನಿರೀಕ್ಷೆಯನ್ನು ಪ್ರಯೋಗಕ್ಕೆ ಮೊದಲೇ ಬರೆದಿಟ್ಟಿದ್ದೆ.

ಒಬ್ಬೊಬ್ಬರ ಅಂಕಗಳಿಗೂ ಪ್ರತ್ಯೇಕವಾಗಿ 1ರಿಂದ (ಅತಿ ಕಡಿಮೆ ತರಿ) 4ರವರೆಗೆ (ಅತಿ ಹೆಚ್ಚು) ರ‍್ಯಾಂಕ್ ಕೊಟ್ಟು ಕೂಡಿದಾಗ, ಮೊತ್ತಗಳು ಕ್ರಮವಾಗಿ 18, 22, 27 ಮತ್ತು 33 ಬಂದಿವೆ. ಎಕ್ಸೆಲ್‌ನಲ್ಲಿ ಸೂತ್ರ ಹಾಕಿ ಲೆಕ್ಕಿಸಿದರೆ ಫ್ರೀಡ್‌ಮನ್ ಪರೀಕ್ಷೆಯ (ಅವರವರೇ ಹಲವು ಮಾದರಿಗಳಿಗೆ ಕೊಟ್ಟ ಅಂಕಗಳ ಕ್ರಮದಲ್ಲಿ ವ್ಯತ್ಯಾಸವಿದೆಯೆ ಎಂದು ನೋಡುವಂಥದ್ದು) ಮೌಲ್ಯ 7.56, ಪಿ-ಮೌಲ್ಯ (ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಆಕಸ್ಮಿಕವಾಗಿ ಬರುವ ಸಂಭವ) ಸುಮಾರು 0.056, ಅಂದರೆ ವಾಡಿಕೆಯ ಮಿತಿಯಾದ 0.05ಕ್ಕಿಂತ ತುಸು ಹೆಚ್ಚು. ಹಾಗಿದ್ದರೆ ‘ಗಮನಾರ್ಹ ವ್ಯತ್ಯಾಸವಿಲ್ಲ’ ಎಂದೇ ಬರೆಯಬೇಕೆ? ಸಹಪಾಠಿಯೊಬ್ಬರು, ಗುಂಪಿನಿಂದ ಗುಂಪಿಗೆ ಅಂಕ ಕ್ರಮವಾಗಿ ಏರುತ್ತದೆಯೆ ಎಂದು ನೋಡುವ ಯೋಂಕ್‌ಹೀರ್ ಪರೀಕ್ಷೆಯನ್ನು ಸೂಚಿಸಿದರು. ಅದು ಇಲ್ಲಿಗೆ ಹೊಂದುತ್ತದೆಯೆ?

ಉತ್ತರ 1

ಯೋಂಕ್‌ಹೀರ್ ಪರೀಕ್ಷೆ ಬೇಡ. ಅದು ಪ್ರತಿ ಬಿಸ್ಕತ್ತನ್ನೂ ಬೇರೆ ಬೇರೆ ಗುಂಪಿನವರು ತಿಂದಿದ್ದರೆ ಸರಿಹೋಗುವಂಥದ್ದು. ನಿಮ್ಮಲ್ಲಿ ಪ್ರತಿಯೊಬ್ಬರೂ ನಾಲ್ಕನ್ನೂ ತಿಂದಿರುವುದರಿಂದ, ಒಬ್ಬರು ಧಾರಾಳವಾಗಿ ಅಂಕ ಕೊಡುವುದು, ಇನ್ನೊಬ್ಬರು ಜಿಪುಣತನ ತೋರುವುದು, ಇವೆಲ್ಲ ಆ ಲೆಕ್ಕದೊಳಗೆ ಸೇರಿಕೊಂಡು ನಿಜವಾದ ಏರಿಕೆಯನ್ನು ಮಸುಕಾಗಿಸುತ್ತವೆ.

ನಿಮಗೆ ಬೇಕಾದದ್ದು ಎಲಿಸ್ ಪೇಜ್ 1963ರಲ್ಲಿ ಪ್ರಕಟಿಸಿದ ಪರೀಕ್ಷೆ. ಫ್ರೀಡ್‌ಮನ್ ಪರೀಕ್ಷೆಗೆ ಕ್ರಮದ ಪರಿವೆಯೇ ಇಲ್ಲ: ನಿಮ್ಮ ಮೊತ್ತಗಳನ್ನು 27, 18, 33, 22 ಎಂದು ಕಲಸಿ ಬರೆದರೂ 7.56 ಎಂದೇ ಉತ್ತರ ಬರುತ್ತದೆ. ಪೇಜ್ ಪರೀಕ್ಷೆಯಲ್ಲಾದರೋ ನಿರೀಕ್ಷಿತ ಸ್ಥಾನದಿಂದ ಮೊತ್ತವನ್ನು ಗುಣಿಸಿ ಕೂಡುತ್ತೇವೆ: 18 + 44 + 81 + 132 = 275. ರಾಗಿಯಿಂದ ಯಾವ ಪರಿಣಾಮವೂ ಇಲ್ಲದಿದ್ದರೆ ಈ ಸಂಖ್ಯೆಯ ಸರಾಸರಿ 250, ವೇರಿಯನ್ಸ್ (ಚದುರುವಿಕೆಯ ಅಳತೆ) 83.33, ಅಂದರೆ ಅದರ ವರ್ಗಮೂಲವಾದ ಪ್ರಮಾಣಿತ ವಿಚಲನೆ 9.13. ಹಾಗಾಗಿ ಝಡ್ ಮೌಲ್ಯ (275 ಎಂಬುದು ಆ ಸರಾಸರಿಯಿಂದ ಎಷ್ಟು ಪ್ರಮಾಣಿತ ವಿಚಲನೆಗಳಷ್ಟು ದೂರವಿದೆ ಎಂಬುದು) 2.74, ಒಂದು ಬದಿಯ (ಏರಿಕೆಯ ದಿಕ್ಕನ್ನಷ್ಟೇ ನೋಡುವ) ಪಿ-ಮೌಲ್ಯ ಸುಮಾರು 0.003.

ಈ ಝಡ್ ಮೌಲ್ಯದ ವರ್ಗ 7.50. ನಿಮ್ಮ ಫ್ರೀಡ್‌ಮನ್ ಮೌಲ್ಯವಾದ 7.56ರಲ್ಲಿ 7.50 ಭಾಗ ನೇರ ಏರಿಕೆಯೊಂದರಿಂದಲೇ ಬಂದಿದೆ. ನಾಲ್ಕು ಬಿಸ್ಕತ್ತುಗಳು ಮೂರು ಸ್ವತಂತ್ರ ಬಗೆಗಳಲ್ಲಿ (ಡಿಗ್ರಿ ಆಫ್ ಫ್ರೀಡಂ) ಭಿನ್ನವಾಗಬಲ್ಲವು; ಉಳಿದ ಎರಡಕ್ಕೆ ಸೇರಿದ್ದು ಬರೀ 0.06. ಇದ್ದ ಸಾಕ್ಷ್ಯವನ್ನು ಫ್ರೀಡ್‌ಮನ್ ಪರೀಕ್ಷೆ ಮೂರು ಪಾಲು ಮಾಡಿ ತೂಗಿದ್ದರಿಂದ ಅದು ಹಗುರವಾಗಿ ಕಂಡಿತು.

ಉತ್ತರ 2

ಮೇಲಿನ ಲೆಕ್ಕವನ್ನು ಒಪ್ಪುತ್ತೇನೆ. ಆದರೆ ಅದರಿಂದ ಏನು ಸಿದ್ಧವಾಗುತ್ತದೆ ಎಂಬುದರಲ್ಲಿ ಎಚ್ಚರ ಬೇಕು. ಒಟ್ಟಾರೆ ಏರಿಕೆಯ ಪ್ರವೃತ್ತಿ ಇದೆ ಎಂದು ಬರೆಯಬಹುದೇ ಹೊರತು, ಶೇಕಡಾ 20ರಿಂದ 40ಕ್ಕೆ ಹೋದಾಗ ತರಿ ಹೆಚ್ಚಿತು, 40ರಿಂದ 60ಕ್ಕೆ ಹೋದಾಗ ಮತ್ತೆ ಹೆಚ್ಚಿತು ಎಂದು ಮೆಟ್ಟಿಲು ಮೆಟ್ಟಿಲಾಗಿ ಹೇಳಲಾಗುವುದಿಲ್ಲ. ಮೂರನೆಯದರವರೆಗೆ ಏರಿ ನಾಲ್ಕನೆಯದರಲ್ಲಿ ತುಸು ಇಳಿದಿದ್ದರೂ ಈ ಪರೀಕ್ಷೆ ಗಮನಾರ್ಹ ಫಲಿತಾಂಶ ಕೊಡಬಲ್ಲದು. ದಿಕ್ಕನ್ನು ಮೊದಲೇ ಬರೆದಿಟ್ಟಿದ್ದು ಒಳ್ಳೆಯದಾಯಿತು. ಮೊತ್ತಗಳನ್ನು ನೋಡಿದ ಮೇಲೆ ಕ್ರಮ ಆರಿಸಿದ್ದರೆ ಆ 0.003ಕ್ಕೆ ಅರ್ಥವೇ ಇರುತ್ತಿರಲಿಲ್ಲ.

ಏರಿಕೆ ಎಷ್ಟು ಎಂಬುದೂ ಓದುಗರಿಗೆ ಬೇಕಾಗುತ್ತದೆ, ರ‍್ಯಾಂಕ್ ಅದನ್ನು ಹೇಳುವುದಿಲ್ಲ. ಒಬ್ಬೊಬ್ಬ ಪರೀಕ್ಷಕರ ನಾಲ್ಕು ಅಂಕಗಳನ್ನೂ −3, −1, 1, 3ರಿಂದ ಗುಣಿಸಿ ಕೂಡಿ 10ರಿಂದ ಭಾಗಿಸಿ. ರಾಗಿಯ ಪ್ರಮಾಣ ಶೇಕಡಾ 20 ಹೆಚ್ಚಿದಾಗಲೆಲ್ಲ ಅವರ ಅಂಕ ಸರಾಸರಿ ಎಷ್ಟು ಏರಿತು ಎಂಬುದು ಸಿಗುತ್ತದೆ. ಇಂಥ ಹತ್ತು ಸಂಖ್ಯೆಗಳ ಸರಾಸರಿಯನ್ನು ವಿಶ್ವಾಸ ಅಂತರದೊಂದಿಗೆ (ನಿಜವಾದ ಸರಾಸರಿ ಇರಬಹುದಾದ ವ್ಯಾಪ್ತಿ) ಕೊಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ನಾಲ್ವರು ಪರೀಕ್ಷಕರು ಎರಡೆರಡು ಬಿಸ್ಕತ್ತುಗಳಿಗೆ ಒಂದೇ ಅಂಕ ಕೊಟ್ಟಿದ್ದು, ಅವಕ್ಕೆ ಸರಾಸರಿ ರ‍್ಯಾಂಕ್ ಹಾಕಿದ್ದೇನೆ. ಇದರಿಂದ ಲೆಕ್ಕ ಕೆಡುವುದೆ?

ಉತ್ತರ 1

ಕೆಡುವುದಿಲ್ಲ, ಆದರೆ ಬದಲಾಗುತ್ತದೆ. ಸಮ ಅಂಕ ಬಂದ ಸಾಲಿನಲ್ಲಿ ರ‍್ಯಾಂಕ್‌ಗಳ ಚದುರುವಿಕೆ ಕಡಿಮೆ. ಒಬ್ಬ ಪರೀಕ್ಷಕರಿಂದ ಬರುವ ವೇರಿಯನ್ಸ್ ಸಾಧಾರಣವಾಗಿ 8.33 ಇದ್ದರೆ, ಒಂದು ಜೋಡಿ ಸಮವಾದಾಗ ಅದು 7.5ಕ್ಕೆ ಇಳಿಯುತ್ತದೆ. ನಿಮ್ಮಲ್ಲಿ ಅಂಥವರು ನಾಲ್ವರಿರುವುದರಿಂದ ಒಟ್ಟು ವೇರಿಯನ್ಸ್ 80 ಆಗಿ, ಝಡ್ ಮೌಲ್ಯ 2.80ರ ಹತ್ತಿರ ಬರುತ್ತದೆ. ತಿದ್ದದೆ ಬಿಟ್ಟರೂ ಆ ತಪ್ಪು, ಇಲ್ಲದ ಪರಿಣಾಮವನ್ನು ಇದೆ ಎನ್ನುವ ಕಡೆಗಲ್ಲ, ಎಚ್ಚರಿಕೆಯಿಂದಿರುವ ಕಡೆಗೇ ವಾಲುತ್ತದೆ.

ಇದೇ ತಿದ್ದುಪಡಿಯನ್ನು ಫ್ರೀಡ್‌ಮನ್ ಪರೀಕ್ಷೆಗೂ ಮಾಡಬೇಕು. ಆಗ 7.56 ಎಂಬುದು 0.96ರಿಂದ ಭಾಗವಾಗಿ 7.88 ಆಗುತ್ತದೆ, ಪಿ-ಮೌಲ್ಯ 0.049! ಅದನ್ನು ಕಂಡು ಪೇಜ್ ಪರೀಕ್ಷೆಯನ್ನು ಕೈಬಿಡಬೇಡಿ. ನೀವು ಮೊದಲೇ ಬರೆದಿಟ್ಟ ಪ್ರಶ್ನೆಗೆ ಉತ್ತರಿಸುವುದು ಅದೇ. ಪೈಥಾನ್ ಬಳಸುವುದಾದರೆ ಅದರ ಲೆಕ್ಕಾಚಾರದ ಲೈಬ್ರರಿಯಾದ ಸೈಪೈನ 1.7ನೇ ಆವೃತ್ತಿಯಿಂದೀಚೆಗೆ ಈ ಪರೀಕ್ಷೆ ಅದರಲ್ಲೇ ಇದೆ. ಕಾಲಂಗಳನ್ನು ನಿರೀಕ್ಷಿತ ಏರಿಕೆಯ ಕ್ರಮದಲ್ಲೇ ಜೋಡಿಸಿ ಕೊಡಿ.