‘ಮಿಸ್‌ಸೆಲ್ಲಿಂಗ್’ಗೆ ‘ತಲೆಗೆ ಕಟ್ಟುವುದು’ ಆಗುತ್ತದೆಯೇ?

ಗೆಳೆಯರೇ, ನಮಸ್ಕಾರ.

ನಮ್ಮೂರಿನ ಸ್ವಸಹಾಯ ಸಂಘದ ಹೆಂಗಸರಿಗಾಗಿ ವಿಮೆ ಬಗ್ಗೆ ಎರಡು ಪುಟದ ಕರಪತ್ರ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ‘ಮಿಸ್‌ಸೆಲ್ಲಿಂಗ್’ ಅಡ್ಡ ಬಂದು ಕೂತಿದೆ. ನಿಜ ಸಂಗತಿ ಮುಚ್ಚಿಟ್ಟು, ಕೊಳ್ಳುವವರಿಗೆ ಹೊಂದದ ಪಾಲಿಸಿಯನ್ನು ಮಾರುವುದಕ್ಕೆ ಹಾಗನ್ನುತ್ತಾರೆ, ಅದಕ್ಕೊಂದು ಕನ್ನಡ ಪದ ಬೇಕು. ‘ತಪ್ಪು ಮಾರಾಟ’ ಅಂತ ಬರೆದು ನೋಡಿದೆ. ತೊಗರಿಬೇಳೆ ಕೇಳಿದರೆ ಅಂಗಡಿಯವನು ಕಡಲೆಬೇಳೆ ಕಟ್ಟಿಕೊಟ್ಟ ಹಾಗಿದೆ. ಪಾಪ, ಕೈತಪ್ಪು!

‘ವಂಚನೆ’ ಅನ್ನೋಣ ಅಂದರೆ ಅದೂ ಪೂರ್ತಿ ಹೊಂದುವುದಿಲ್ಲ. ನಮ್ಮ ಚಿಕ್ಕಮ್ಮನ ಕಥೆ ಕೇಳಿ. ವಯಸ್ಸು 62. ಬ್ಯಾಂಕಿಗೆ ಎಫ್‌ಡಿ ಇಡಲು ಹೋದವರಿಗೆ ಅಲ್ಲಿದ್ದ ಹುಡುಗ, “ಅಮ್ಮಾ, ಎಫ್‌ಡಿಗಿಂತ ಈ ಬಾಂಡ್ ಒಳ್ಳೇದು, ಜಾಸ್ತಿ ಬರುತ್ತೆ” ಅಂದನಂತೆ. ಈ ‘ಬಾಂಡ್’ ಪದವೇ ಎಡವಟ್ಟು ಮಾಡಿದ್ದು. ವಿಮೆಯ ಪಾಲಿಸಿ ಕಾಗದವನ್ನು ನಮ್ಮ ಕಡೆ ಬಾಂಡ್ ಅಂತಲೇ ಕರೆಯುತ್ತಾರೆ. ಆದರೆ ಚಿಕ್ಕಮ್ಮನಿಗೆ ಗೊತ್ತಿದ್ದ ಬಾಂಡ್ ಒಂದೇ, ಮೊಮ್ಮಗಳ ಭಾಗ್ಯಲಕ್ಷ್ಮಿ ಬಾಂಡ್. ಅದಕ್ಕೆ ಮನೆಯವರು ಕಂತು ಕಟ್ಟಬೇಕಿಲ್ಲ. ಟ್ರಂಕಿನಲ್ಲಿ ಜೋಪಾನವಾಗಿಟ್ಟರೆ ಆಯಿತು. ಇದನ್ನೂ ಹಾಗೇ ಟ್ರಂಕಿಗೆ ಹಾಕಿದರು. ಮರುವರ್ಷ ಎರಡನೇ ಕಂತು ಕಟ್ಟಿ ಅಂತ ಮೆಸೇಜ್ ಬಂತು. ಒಟ್ಟು ಹತ್ತು ವರ್ಷ ಕಟ್ಟಬೇಕಂತೆ!

ಕಂಪನಿ ಅಸಲಿ, ಕಾಗದ ಅಸಲಿ, ಸಹಿ ಚಿಕ್ಕಮ್ಮನದೇ. ಎಲ್ಲಿದೆ ವಂಚನೆ ಅಂತ ಬ್ಯಾಂಕಿನವರು ಕೇಳುತ್ತಾರೆ. ಗ್ರಾಹಕ ಆಯೋಗದ ಸುದ್ದಿಗಳಲ್ಲಿ ‘ಅನುಚಿತ ವ್ಯಾಪಾರ ಪದ್ಧತಿ’, ‘ಸೇವಾ ನ್ಯೂನತೆ’ ಎಂಬ ಮಾತು ಬರುತ್ತವೆ. ವಕೀಲರಿಗೆ ಅದು ಸರಿ. ಚಿಕ್ಕಮ್ಮನ ಹತ್ತಿರ ‘ನ್ಯೂನತೆ’ ಅಂದರೆ ರಕ್ತ ಪರೀಕ್ಷೆ ಮಾಡಿಸಬೇಕಾ ಅಂತಾರೆ.

ಅವರೇ ಹೇಳಿದ್ದು ಹೀಗೆ: “ಬೇಡ ಬೇಡ ಅಂದರೂ ನನ್ನ ತಲೆಗೆ ಕಟ್ಟಿಬಿಟ್ಟ.” ದನದ ಜಾತ್ರೆಯಲ್ಲಿ ಮುದಿ ಎತ್ತನ್ನು ತಲೆಗೆ ಕಟ್ಟುತ್ತಾರಲ್ಲ, ಹಾಗೆ. ಎತ್ತು ನಿಜವಾದದ್ದೇ, ಕೊಂಡವನ ಹೊಲಕ್ಕೆ ಆಗಿಬರುವುದಿಲ್ಲ ಅಷ್ಟೇ. ನನಗಂತೂ ಇದೇ ಹಿಡಿಸಿದೆ. ಒಂದೇ ಅನುಮಾನ. ಇದರಲ್ಲಿ ಒತ್ತಾಯ ಕೇಳಿಸುತ್ತದೆ, ಮುಚ್ಚಿಟ್ಟದ್ದು ಕೇಳಿಸುತ್ತದೆಯಾ? ‘ಮರೆಮಾಚಿ ಮಾರುವುದು’ ಅಂದರೆ ಅದು ಬರುತ್ತದೆ, ಆದರೆ ಯಾರೂ ಹಾಗೆ ಮಾತಾಡುವುದಿಲ್ಲ.

ಇನ್ನೆರಡು ಪದ ಇವೆ. ‘ಫ್ರೀ ಲುಕ್’ ಅನ್ನು ಒಂದು ಅರ್ಜಿಯಲ್ಲಿ ‘ಉಚಿತ ನೋಟದ ಅವಧಿ’ ಅಂತ ಅಚ್ಚು ಹಾಕಿದ್ದರು. ಬಯಲಾಟಕ್ಕೆ ಪುಕ್ಕಟೆ ಟಿಕೆಟ್ ಕೊಟ್ಟ ಹಾಗಿದೆ, ಅಲ್ವಾ? ಪಾಲಿಸಿ ಕೈಸೇರಿದ ಮೇಲೆ ಓದಿ ನೋಡಿ, ಒಪ್ಪದಿದ್ದರೆ ಹಿಂದಿರುಗಿಸಲು ಇರುವ ಗಡುವು ಅದು. ಮೊದಲು ಸಾಮಾನ್ಯವಾಗಿ 15 ದಿನ ಇತ್ತು, 2024ರ ಐಆರ್‌ಡಿಎಐ (ವಿಮಾ ಕಂಪನಿಗಳ ಮೇಲಿನ ನಿಯಂತ್ರಣ ಸಂಸ್ಥೆ) ನಿಯಮದಲ್ಲಿ 30 ದಿನ ಆಯಿತು. ಸ್ಟಾಂಪ್ ಖರ್ಚು, ವೈದ್ಯಕೀಯ ತಪಾಸಣೆಯ ಖರ್ಚು ಇಂಥವನ್ನು ಮುರಿದುಕೊಂಡು ಉಳಿದದ್ದು ಕೊಡುತ್ತಾರೆ. ‘ವಾಪಸಾತಿ ಗಡುವು’ ಅಂತ ಬರೆದಿದ್ದೇನೆ. ಚಿಕ್ಕಮ್ಮ ನನಗೆ ಕಾಗದ ತೋರಿಸುವ ಹೊತ್ತಿಗೆ ಅದು ಎಂದೋ ಮುಗಿದಿತ್ತು.

ಇನ್ನೊಂದು ‘ರಿಬೇಟ್’. “ಮೊದಲ ಕಂತು ನಾನೇ ಕಟ್ತೀನಿ, ನೀವು ಸುಮ್ನೆ ಸಹಿ ಹಾಕಿ” ಅಂತ ಏಜೆಂಟರು ಹೇಳ್ತಾರಲ್ಲ, ಅದು 1938ರ ವಿಮಾ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ನಿಷಿದ್ಧ. ಕೊಡುವುದೂ ತಪ್ಪು, ತಗೊಳ್ಳುವುದೂ ತಪ್ಪು. ಇದನ್ನು ‘ರಿಯಾಯಿತಿ’ ಅಂತ ಬರೆದರೆ ಖಾದಿ ಭಂಡಾರದ ಬೋರ್ಡ್ ನೆನಪಾಗಿ ಜನ ಖುಷಿಯಿಂದಲೇ ಬರುತ್ತಾರೆ. ‘ಆಮಿಷ’ ಅಂದರೆ ಚುನಾವಣೆಯ ವಾಸನೆ. ನಿಮ್ಮ ಊರ ಕಡೆ ಏಜೆಂಟರು ತಮ್ಮತಮ್ಮಲ್ಲಿ ಇದಕ್ಕೆ ಏನಂತಾರೆ?