ವೈನಿ, ಭುಜ ಪಾವಟಿಗಿ ಪಾವಟಿಗಿ ಮುಚ್ಚಬ್ಯಾಡ್ರಿ

ವೈನಿ, ಗ್ರೂಪಿನಾಗ ನೀವು ಹಾಕಿದ ಎರಡೂ ಫೋಟೋ ನೋಡಿದೆ. ಹಳೇ ಸ್ವೆಟರಿನ ಭುಜ ಪಾವಟಿಗಿ ಪಾವಟಿಗಿ ಆಗ್ಯಾದ, ಕೊಳ್ಳು ಹಿಂದಕ್ಕ ಜಗ್ಗತದ. ಈಗಿನ ಕಾರ್ಡಿಗನ್ ಬಗಲ ತನಕ ಬಂದದ, ಮುಂದ ಹ್ಯಾಂಗ ಅಂತ ಕೇಳೀರಿ. ಕಡ್ಡಿ ಕೈಯಾಗ ಹಿಡ್ಕೊಂಡೇ ಕೇಳ್ರಿ.

ಮೊದಲ ಭುಜದ ಅಗಲ. ಅದನ್ನ ಎದಿ ಅಳತಿಯಿಂದ ತೆಗಿಬ್ಯಾಡ್ರಿ, ಬೆನ್ನ ಮ್ಯಾಲ ಈ ಭುಜದ ತುದಿ ಎಲುಬಿನಿಂದ ಆ ಎಲುಬಿನ ತನಕ ಟೇಪ್ ಇಟ್ಟು ತೆಗೀರಿ. ಮೈ ದಪ್ಪ ಇದ್ರೂ ಎಲುಬು ಅಗಲ ಆಗಂಗಿಲ್ಲ. ಭುಜ ಕೆಳಗ ಜಾರೋ ಸ್ವೆಟರೆಲ್ಲಾ ಬಹುತೇಕ ಇಲ್ಲೇ ಕೆಟ್ಟಿರ್ತಾವ. ನೀವು ಬರದಂಗ 8 ನಂಬರ್ ಕಡ್ಡಿಗೆ 10 ಸೆಂ.ಮೀ.ಗೆ 22 ಕುಣಿಕಿ, 30 ಸಾಲು. ಭುಜ 36 ಸೆಂ.ಮೀ. ಅಂದ್ರ 80 ಕುಣಿಕಿ ಉಳೀಬೇಕು. ಬೆನ್ನಿನಾಗ ಈಗ 106 ಅವ, ಅಂದ್ರ ಒಂದೊಂದು ಬದಿಗೆ 13 ಹೋಗಬೇಕು. ಬಗಲಿಗೆ 5 ಒಮ್ಮೆಲೇ ಮುಚ್ರಿ (ಒಂದರ ಮ್ಯಾಲ ಒಂದು ದಾಟಿಸಿ ಕಡ್ಡಿಯಿಂದ ಇಳಸ್ರಿ), ಉಳಿದ 8 ಸೀದಾ ಸಾಲಿಗೊಮ್ಮೆ, ಅಂದ್ರ ಹೊರಬದಿ ನಮ್ಮ ಕಡೆ ಇರೋ ಸಾಲಿಗೊಮ್ಮೆ, ಒಂದೊಂದು ಕಡಿಮಿ ಮಾಡ್ರಿ. ಈ ಕಡಿಮಿ ಅಂಚಿಗೇ ಮಾಡಬ್ಯಾಡ್ರಿ, ಎರಡು ಕುಣಿಕಿ ಬಿಟ್ಟು ಒಳಗ ಮಾಡ್ರಿ. ಅಂಚು ಸಾಫ್ ಇದ್ರ ತೋಳು ಹಚ್ಚೋವಾಗ ತ್ರಾಸ ಆಗಂಗಿಲ್ಲ. ಬಗಲ ಶುರು ಆದಲ್ಲಿಂದ 58 ಸಾಲು ಹಾಕ್ರಿ, ಸುಮಾರು 19 ಸೆಂ.ಮೀ. ಆಗ್ತದ.

ಈಗ ಖರೆ ಕೆಲಸ. 80ರಾಗ ಒಂದೊಂದು ಭುಜಕ್ಕ 24, ನಡುವಿನ ಕೊಳ್ಳಿಗೆ 32. ಹಳೇದ್ರಾಗ ನೀವು 8-8 ಕುಣಿಕಿ ಮೂರು ಸಲ ಮುಚ್ಚೀರಿ, ಪಾವಟಿಗಿ ಬಂದದ್ದು ಅದಕ್ಕ. ಈ ಸಲ ಭುಜದಾಗ ಒಂದೂ ಮುಚ್ಚಬ್ಯಾಡ್ರಿ, ಅರ್ಧ ಸಾಲು ಹಾಕ್ರಿ. ಸೀದಾ ಸಾಲಿನಾಗ ಕೊನೀಗೆ 6 ಕುಣಿಕಿ ಉಳಿದಾಗ ನಿಂದ್ರಿ, ಹಾಗೇ ತಿರುಗಿಸ್ರಿ. ದಾರ ಮುಂದ ಇಟ್ಕೊಂಡು ಮೊದಲನೇ ಕುಣಿಕಿ ಹೆಣಿಲಾರದೇ ಬಲಗಡ್ಡಿಗೆ ದಾಟಿಸ್ರಿ. ಆಮ್ಯಾಲ ದಾರ ಕಡ್ಡಿ ಮ್ಯಾಲಿಂದ ಹಿಂದಕ್ಕ ಬಿಗಿಯಾಗಿ ಜಗ್ರಿ. ಆ ಒಂದು ಕುಣಿಕಿಗೆ ಎರಡು ಕಾಲು ಕಾಣಸ್ತಾವ. ಉಲ್ಟಾ ಸಾಲಿದ್ರ ದಾರ ಮತ್ತ ಮುಂದ ತಂದು ನಡೀರಿ. ಆ ತುದಿಗೂ 6 ಬಿಟ್ಟು ತಿರುಗಿಸ್ರಿ. ಮುಂದಿನ ಸಲ 12, ಅದರ ಮುಂದ 18. ಜೋಡಿ ಕಾಲಿನ ಕುಣಿಕಿನೂ ಆ ಎಣಿಕಿಯೊಳಗೇ ಬರ್ತದ, ಬ್ಯಾರೆ ಎಣಿಸಬ್ಯಾಡ್ರಿ. ಹಿಂಗ 6 ಸಾಲಿನಾಗ ಕೊಳ್ಳಿನ ಕಡೆ 2 ಸೆಂ.ಮೀ. ಎತ್ತರ ಬರ್ತದ, ನಮ್ಮ ಭುಜದ ಇಳಿಜಾರಿಗೆ ಅಷ್ಟು ಸಾಕು. ಕಡೀಕ ಪೂರಾ ಎರಡು ಸಾಲು ಹಾಕ್ರಿ, ಜೋಡಿ ಕಾಲು ಬಂದಲ್ಲೆಲ್ಲಾ ಎರಡೂ ಕೂಡಿಸಿ ಒಂದೇ ಅಂತ ಹೆಣೀರಿ. ಮರೆತು ಒಂದೇ ಕಾಲು ಹಿಡದ್ರ ತೂತು ಬೀಳ್ತದ, ಕುಣಿಕಿ ಲೆಕ್ಕಾನೂ ತಪ್ತದ.

ಆಮ್ಯಾಲ ನಡುವಿನ 32 ಮಾತ್ರ ಮುಚ್ರಿ. ಕೊಳ್ಳಿನ ಪಟ್ಟಿಗೆ ಬೇಕಾಗ್ತಾವಂತ ತೆರೆದೇ ಇಟ್ರ ಕೊಳ್ಳು ದಿನಾ ಅಷ್ಟಷ್ಟು ಅಗಲ ಆಗ್ತಾ ಹೋಗ್ತದ. ಭುಜದ 24-24 ಬ್ಯಾರೆ ದಾರಕ್ಕ ಪೋಣಿಸಿ ಇಡ್ರಿ.

ಮುಂದಿನ ಭಾಗ ಒಂದೊಂದು 50 ಕುಣಿಕಿ, ಗುಂಡಿ ಪಟ್ಟಿ 3 ಸೆಂ.ಮೀ. ಅಂತ ಹಿಡಿದು. ಬಗಲಿಗೆ 13 ಹೋದ್ರ 37. ಭುಜ 24 ಬಿಟ್ರ ಕೊಳ್ಳಿಗೆ 13 ತೆಗೀಬೇಕು. ಭುಜಕ್ಕಿಂತ 7 ಸೆಂ.ಮೀ. ಕೆಳಗಿಂದ ಶುರು ಮಾಡ್ರಿ: ಮೊದಲ 5 ಮುಚ್ಚಿ, ಆಮ್ಯಾಲ ಸಾಲು ಬಿಟ್ಟು ಸಾಲಿಗೆ ಒಂದೊಂದು, 8 ಸಲ. ಇಲ್ಲಿ ಅರ್ಧ ಸಾಲು ಬಗಲ ಕಡೆ ಅಷ್ಟೇ ಬರ್ತದ. ಹಾಕ್ಕೊಂಡಾಗ ಎಡಗಡೆ ಬರೋ ಭಾಗಕ್ಕ ಉಲ್ಟಾ ಸಾಲಿನ ಕೊನೀಗೆ ತಿರುಗಿಸ್ಬೇಕು, ಬಲಗಡೆಗೆ ಸೀದಾ ಸಾಲಿನ ಕೊನೀಗೆ. ಇದು ಚೀಟಿ ಮ್ಯಾಲ ಬರದು ಹಚ್ಚಿಡ್ರಿ ವೈನಿ, ಎರಡೂ ಭಾಗ ಒಂದೇ ಕಡೀದು ಆಗೋದು ಇಲ್ಲೇ.

ಹಿಂದ ಮುಂದ ಟೇಪಿನಿಂದ ತಾಳೆ ನೋಡಬ್ಯಾಡ್ರಿ, ಸಾಲು ಎಣಿಸ್ರಿ. ಹೆಣಿಗಿ ಜಗ್ಗಿದಷ್ಟು ಉದ್ದ ಆಗ್ತದ, ಟೇಪ್ ಹೇಳೋದು ಸುಳ್ಳು. ನಿಮ್ಮ ಹಳೇದ್ರಾಗ ಹಿಂದಿನ ಭಾಗ 4 ಸಾಲು ಕಡಿಮಿ ಕಾಣಸ್ತಾವ, ಕೊಳ್ಳು ಹಿಂದಕ್ಕ ಜಗ್ಗೋದು ಅದಕ್ಕ.

ಭುಜ ಕೂಡಿಸೋವಾಗ ದಾರದಾಗಿನ ಕುಣಿಕಿ ಕಡ್ಡಿಗೆ ಏರಿಸಿ, ಸೀದಾ ಬದಿ ಒಳಗ ಮಾಡಿ ಎರಡೂ ಕಡ್ಡಿ ಜೋಡಿಸಿ ಹಿಡೀರಿ. ಮೂರನೇ ಕಡ್ಡಿಯಿಂದ ಆ ಕಡೀದೊಂದು ಈ ಕಡೀದೊಂದು ಕೂಡಿಸಿ ಹೆಣೀತಾ ಮುಚ್ಚಿಕೊಂಡು ಹೋಗ್ರಿ. ಒಳಗ ಗಟ್ಟಿ ಅಂಚು ಬರ್ತದ, ಎರಡೂ ತೋಳಿನ ಭಾರ ಹೊರೋದು ಅದೇ. ಸೂಜಿಯಿಂದ ಗುರುತು ಕಾಣಲಾರದಂಗ ಕೂಡಿಸಿದ್ರ ನೋಡಾಕ ಚಂದ, ಆದ್ರ ಭುಜ ಜೋತು ಬೀಳಬಹುದು.

ಮತ್ತ, ಇಲ್ಲಿ ಬೀದರಿನಾಗ ಸಿಗೋ ಉಲ್ಲನ್ ಬಹುತೇಕ ಅಕ್ರಿಲಿಕ್. ಅದರ ಮ್ಯಾಲ ಬಿಸಿ ಇಸ್ತ್ರಿ ಇಟ್ರ ಜೀವ ಹೋಗಿ ಸಪ್ಪಗ ಆಗ್ತದ, ಮತ್ತ ಮೊದಲಿನಂಗ ಆಗಂಗಿಲ್ಲ. ಒದ್ದಿ ಮಾಡಿ, ಟವೆಲಿನಾಗ ಹಿಂಡಿ, ನೆರಳಿಗೆ ಹಾಸಿಡ್ರಿ, ಅಷ್ಟೇ. ಹಗ್ಗಕ್ಕ ಹಾಕಬ್ಯಾಡ್ರಿ.

ಭುಜ ಕೂಡಿಸಿದ ಮ್ಯಾಲ ಒಳಗಿನ ಬದಿ ಫೋಟೋ ಹಾಕ್ರಿ. ತೋಳಿನ ತಲಿ, ಅಂದ್ರ ಭುಜಕ್ಕ ಕೂಡೋ ಮ್ಯಾಲಿನ ಭಾಗದ, ಲೆಕ್ಕ ಆಗ ಹೇಳ್ತೀನಿ.