ಪದ ಬೇಕಾಗ್ಯಾವ್ರಿ: ನಕಾಶೆ ತೆಗಿಯೋವಾಗಿನ 'ಅಲೈನ್', 'ಸೆಂಟರ್', ಜೊತಿಗೆ 'ಡಿಸ್ಟ್ರಿಬ್ಯೂಟ್'

ನಮಸ್ಕಾರ್ರಿ ಎಲ್ಲಾರಿಗೂ. ಕಂಪ್ಯೂಟರಿನ್ಯಾಗ ನಕಾಶೆ ತೆಗಿಲಾಕ ಕಲಿಯೋ ಹುಡುಗರಿಗಂತ ಒಂದು ಸಣ್ಣ ಕೈಪಿಡಿ ಕನ್ನಡಕ್ಕ ತರ್ಲಾಕತ್ತೀನಿ, ನಾಳಿ ಸಂಜಿಕ ಪ್ರೆಸ್ಸಿಗೆ ಕೊಡಬೇಕು, ಉಳದಿದ್ದೆಲ್ಲಾ ಮುಗದದ, ಈ ಮೂರು ಪದದ ಮ್ಯಾಲೆ ಬಂದು ನಿಂತದ. ಅಲೈನ್ ಅಂದ್ರ ವಸ್ತುಗಳನ್ನ ಒಂದ ಗೆರಿಗೆ ತರೋದು, ಸೆಂಟರ್ ಅಂದ್ರ ನಡಕ ತರೋದು, ಡಿಸ್ಟ್ರಿಬ್ಯೂಟ್ ಅಂದ್ರ ವಸ್ತುಗಳ ನಡುವಿನ ಸಂದು ಸಮ ಮಾಡೋದು. ಅಲೈನಿಗೆ ಮೊದಲು 'ಹೊಂದಿಸು' ಅಂತ ಹಾಕಿದ್ದೆ, ಆದ್ರ ಸೆಟ್ಟಿಂಗ್ಸಿಗೂ ಅದನ್ನ ಹಾಕಿಬಿಟ್ಟೀನಿ, ಒಂದ ಪುಟದಾಗ ನಾಕು ಸಲ ಬಂದದ. ಸೆಂಟರಿಗೆ 'ಕೇಂದ್ರೀಕರಿಸು' ಅಂತ ಬರದಿದ್ದೆ, ಕರಡು ಓದಿದ ಹುಡುಗ 'ಸರ, ಇದೇನು ಧ್ಯಾನದ ಪುಸ್ತಕ ಏನ್ರಿ' ಅಂದ.

ಪದ ಸಿಕ್ಕರ ಸಾಕಾಗಂಗಿಲ್ಲ, ತೊಡಕು ಬ್ಯಾರೆ ಕಡೆ ಅದ. ಗೋಳಗುಮ್ಮಟದ ಗುರುತು ಅದು ಇದ್ದ ಜಾಗದಾಗೇ ಇರಬೇಕು, ಹೆಸರು ಅದರ ಕೆಳಗ ಸರಿಯಾಗಿ ನಡಕ ಬಂದು ಕೂಡಬೇಕು. ಹುಡುಗರು ಎರಡೂ ಹಿಡದು ಸೆಂಟರ್ ಒತ್ತತಾರ, ಹೆಸರು ನಿಂತಲ್ಲೇ ನಿಂತು ಗುಮ್ಮಟಾನೇ ಸರದು ರೈಲ್ವೆ ಸ್ಟೇಷನ್ ಕಡೆ ಹೋಗ್ತದ. ಮದವಿ ಪತ್ರಿಕಿಯಾಗ ಗಣಪತಿ ಸ್ವಲ್ಪ ಸರದ್ರ ಯಾರೂ ಕೇಳಂಗಿಲ್ಲ, ನಕಾಶೆಯಾಗ ಹಂಗಲ್ಲ. ಅದಕ್ಕ ನಿಂತಿರೋದು ಯಾವ್ದು, ಸರಿಯೋದು ಯಾವ್ದು ಅನ್ನೋದು ಪದದಾಗೇ ಗೊತ್ತಾಗಬೇಕು.

ಇನ್ನೊಂದರಿ. ಚಿತ್ರ ತೆಗಿಯೋ ಸಾಫ್ಟ್‌ವೇರ್ ಇಂಕ್‌ಸ್ಕೇಪಿನ್ಯಾಗ 'ಲಂಬ ಅಕ್ಷದ ಮ್ಯಾಲೆ ಸೆಂಟರ್' ಅನ್ನೋ ಗುಂಡಿ ಒತ್ತಿದ್ರ ವಸ್ತು ಎಡಕ್ಕ ಬಲಕ್ಕ ಸರೀತಾವ. ನಕಾಶೆ ತೆಗಿಯೋ ಸಾಫ್ಟ್‌ವೇರ್ ಕ್ಯೂಜಿಐಎಸ್‌ನ ಪ್ರಿಂಟ್ ಲೇಔಟಿನ್ಯಾಗ 'ಸೆಂಟರ್ ವರ್ಟಿಕಲ್' ಒತ್ತಿದ್ರ ಮ್ಯಾಲಕ್ಕ ಕೆಳಕ್ಕ ಸರೀತಾವ. ಒಬ್ಬರು ಗೆರಿ ಹೆಸರು ಹೇಳ್ತಾರ, ಒಬ್ಬರು ಸರಿಯೋ ದಿಕ್ಕು ಹೇಳ್ತಾರ. ಎರಡಕ್ಕೂ ನಾ 'ಲಂಬ' ಅಂತ ಬರದ್ರ ಹುಡುಗರ ಗತಿ ಏನ್ರಿ?

— ವಿಜಯಪುರದಿಂದ

*

ಓರಣಿಸು. ಹಳೇ ಪದ, ನಮ್ಮ ಪದ, ಸಾಲು ಅನ್ನೋ ಅರ್ಥಾನೂ ಐತಿ, ಒಪ್ಪ ಅನ್ನೋ ಅರ್ಥಾನೂ ಐತಿ. ಸೆಂಟರಿಗೆ ನಟ್ಟನಡು. ಇದರಾಗ ಚರ್ಚೆ ಮಾಡೂದು ಏನೂ ಇಲ್ಲ. ಹಂಗ ಆ 'ನಕಾಶೆ' ಬಿಟ್ಟು 'ತಿಟ್ಟ' ಅಂತ ಬರೀರಿ, ಅರಬ್ಬಿ ಯಾಕ ಬೇಕು.

— ಬಾಗಲಕೋಟಿ

*

ಓರಣಿಸು ಅಂದ್ರ ನಮ್ಮ ಹುಡುಗರು ಟೇಬಲ್ ಒರಸ್ತಾರ. ನಾ ಇಪ್ಪತ್ತು ವರ್ಷದಿಂದ ಡಿಟಿಪಿ ಮಾಡಾಕತ್ತೀನಿ, ಕೋರಲ್‌ಡ್ರಾ ಸಾಫ್ಟ್‌ವೇರಿನ್ಯಾಗ ನಾವು ಪದಾನೇ ಬಳಸಂಗಿಲ್ಲ, ಕೀಬೋರ್ಡಿನ ಸಿ ಹೊಡಿ (ಎಡ-ಬಲ ಸರಿಸಿ ನಡಕ ತರಾಕ), ಇ ಹೊಡಿ (ಮ್ಯಾಲೆ-ಕೆಳಗ ಸರಿಸಿ ನಡಕ ತರಾಕ) ಅಂತೀವಿ, ಪೇಜಿನ ನಡಕ ಬೇಕಂದ್ರ ಪಿ ಹೊಡಿ, ತಳಕ್ಕ ಕೂಡಸಾಕ ಬಿ. ಶಿಫ್ಟ್ ಹಿಡದು ಒಂದೊಂದ ಆರಿಸಿಕೊಂಡ್ರ ಕಡೀಕ ಮುಟ್ಟಿದ್ದು ನಿಂತಲ್ಲೇ ನಿಂದರತೈತಿ, ಉಳದಾವು ಅದರ ಕಡೆ ಬರ್ತಾವ. ಗುಮ್ಮಟ ಕಡೀಕ ಮುಟ್ಟಂತ ಹೇಳ್ರಿ, ಸ್ಟೇಷನ್ನಿಗೆ ಹೋಗಂಗಿಲ್ಲ.

ಆದ್ರ ಪದಕ್ಕಿಂತ ದೊಡ್ಡ ತ್ರಾಸು ಒಂದೈತಿ, ಅದನ್ನ ಕೈಪಿಡಿಯಾಗ ಹಾಕ್ರಿ. ಸಿಂದಗಿ, ಮುದ್ದೇಬಿಹಾಳ ಎರಡೂ ಹೆಸರು ಕರ್ವ್ ಮಾಡಿ (ಅಂದ್ರ ಅಕ್ಷರಾನ ಗೆರಿಚಿತ್ರ ಮಾಡಿ) ಬಾಜೂಕ ಬಾಜೂಕ ಇಟ್ಟು ಇ ಹೊಡದು ನೋಡ್ರಿ. ಮುದ್ದೇಬಿಹಾಳದ 'ದ್ದೇ'ಗೆ ಒತ್ತು ಕೆಳಗ ಜೋತಾಡ್ತೈತಿ, ಸಿಂದಗಿಗೆ ಒತ್ತಿಲ್ಲ. ಸಾಫ್ಟ್‌ವೇರ್ ಒತ್ತು ಹಿಡಕೊಂಡು ಎತ್ತರ ಅಳೀತೈತಿ, ಹಿಂಗಾಗಿ ಮುದ್ದೇಬಿಹಾಳ ಒಂದೀಟು ಮ್ಯಾಲೆ ಹತ್ತಿ ಕೂಡತೈತಿ. ಲೆಕ್ಕಕ್ಕ ನಡು ಸರಿ, ಕಣ್ಣಿಗೆ ತಪ್ಪು. ತಳ ಹಿಡದು ಕೂಡಸಿದ್ರ ಇನ್ನೂ ಹೊಲಸು, ಒತ್ತಿನ ತಳ ಹಿಡೀತೈತಿ. ಒತ್ತು ಬಿಟ್ಟು ಅಕ್ಷರದ ಪಾದ ಒಂದ ಗೆರಿ ಮ್ಯಾಲೆ ಬರಬೇಕು, ಅದಕ್ಕ ಕರ್ವ್ ಮಾಡೂಕಿಂತ ಮೊದಲ ಆ ಪಾದದ ಗೆರಿ, ಅಂದ್ರ ಬೇಸ್‌ಲೈನ್, ಹಿಡದು ಕೂಡಸಬೇಕು. ಇಂಗ್ಲಿಷಿನಾವ್ರಿಗೆ ಈ ಒತ್ತಿನ ಕಾಟ ಇಲ್ಲ.

— ಜಮಖಂಡಿ

*

ಅಲೈನಿಗೆ 'ಅಚ್ಚುಕಟ್ಟು ಮಾಡು' ಆಗೂದಿಲ್ಲೇನ್ರಿ?

— ಅಥಣಿ

*

ಆಗೂದಿಲ್ಲ. ನೀವು ಆಲಮಟ್ಟಿ ನಕಾಶೆ ತೆಗದು ಅದರಾಗ 'ಅಚ್ಚುಕಟ್ಟು' ಅಂತ ಬರದ್ರ ರೈತರು ನೀರು ಯಾವಾಗ ಬಿಡ್ತೀರಿ ಅಂತ ಕೇಳ್ತಾರ.

— ಜಮಖಂಡಿ

*

ಇಷ್ಟೆಲ್ಲಾ ಬ್ಯಾಡ. ಗೌಂಡಿಗಳನ್ನ ಕೇಳ್ರಿ. ಗ್ವಾಡಿ ನೆಟ್ಟಗ ಐತೋ ಇಲ್ಲೋ ನೋಡಾಕ ದಾರಕ್ಕ ಗುಂಡು ಕಟ್ಟಿ ಬಿಡ್ತಾರಲ್ಲ, ಮರಾಠಿಯೊಳಗ ಅದಕ್ಕ ಓಳಂಬಾ ಅಂತಾರ. 'ಓಳ' ಅಂದ್ರ ಅವರಿಗೆ ಸಾಲು. ಅದು ನಮ್ಮ ಹಳಗನ್ನಡದ 'ಓಳಿ'ನೇ, ಅವರು ನಮ್ಮ ಕಡಿಂದ ಒಯ್ದಿದ್ದು. ಹಿಂಗಾಗಿ ಅಲೈನ್ = ಓಳಿಗೊಳಿಸು. ನನ್ನ ಪ್ರಕಾರ ಬಾಗಲಕೋಟಿಯವರ ಓರಣಾನೂ ಇದ ಮನಿತನದ್ದು.

— ಬೆಳಗಾವಿ

*

ನಿಮ್ಮ ಪ್ರಕಾರ. ಓಳಿ ಸಂಸ್ಕೃತದ ಆವಳಿಯಿಂದ ಬಂದಿದ್ದು, ದೀಪಾವಳಿಯಾಗಿನ ಆವಳಿ. ಮರಾಠಿಗೂ ಅಲ್ಲಿಂದನ ಹೋಗೈತಿ. ಯಾರೂ ಯಾರ ಕಡಿಂದನೂ ಒಯ್ದಿಲ್ಲ. ಓರಣ ಬ್ಯಾರೆ, ಅದನ್ನ ಇದರಾಗ ತುರುಕಬ್ಯಾಡ್ರಿ.

— ಬಾಗಲಕೋಟಿ

*

ಹಂಗಾದ್ರ ನಿಮ್ಮ ಅರಬ್ಬಿ ಸಿಟ್ಟು ಎಲ್ಲಿಗೆ ಬಂದು ನಿಂದರತೈತಿ? ಗುಮ್ಮಟ ಪಾರ್ಸಿಯ ಗುಂಬದ್‌ನಿಂದ ಬಂದಿದ್ದು, ಅದಕ್ಕೂ ತಿಟ್ಟ ಹಾಕಿದಂಗ ಒಂದು ಹೆಸರು ಹುಡುಕ್ರಿ ನೋಡೂಣು. 1656ರಿಂದ ನಿಂತೈತಿ, ಪಾಪ, ಇನ್ನೂ ಅಚ್ಚಗನ್ನಡದ ಹೆಸರಿಲ್ಲ. ತಲಾಠಿ ಕಡೆ ಹೋಗಿ 'ತಿಟ್ಟ ಕೊಡ್ರಿ' ಅನ್ರಿ, ಏನು ಕೊಡ್ತಾನ ಹೇಳ್ರಿ.

— ಬೆಳಗಾವಿ

*

ಬಂದ ಪದ ಬ್ಯಾರೆ, ಬೇಕಂತ ಕರಕೊಂಡು ಬರೂದು ಬ್ಯಾರೆ. ಇಷ್ಟ ತಿಳೀದಿದ್ರ ನಾ ಏನೂ ಹೇಳಾಂವ ಅಲ್ಲ.

— ಬಾಗಲಕೋಟಿ

*

ಇವತ್ತ ಪ್ರೆಸ್ಸಿಗೆ ಕೊಡಬೇಕ್ರಿ ಅಣ್ಣಾರ. ರಾತ್ರಿ ಕೂತು ಹಿಂಗ ಮಾಡೀನಿ, ತಪ್ಪಿದ್ರ ಹೇಳ್ರಿ.

ಅಲೈನಿಗೆ 'ಸಾಲಿಗೆ ತರು'. ಕೂರಿಗಿ ಹೊಡಿಯೋ ಮನಿ ಹುಡುಗರವ, ಸಾಲು ಅಂದ್ರ ತಿಳೀತದ. ಎಡ ಅಂಚು ಸಾಲಿಗೆ ತರು, ಬಲ ಅಂಚು ಸಾಲಿಗೆ ತರು, ನಡು ಸಾಲಿಗೆ ತರು. ಪೇಜಿನ ಸೆಂಟರಿಗೆ ಮಾತ್ರ 'ಪುಟದ ನಡುವಿಗೆ ತರು'. ಹಿಂಗಾಗಿ 'ನಡು ಸಾಲಿಗೆ', 'ನಡುವಿಗೆ' ಎರಡೂ ಬ್ಯಾರೆ ಬ್ಯಾರೆ ಉಳೀತಾವ. ಲಂಬ ಅನ್ನೋ ಪದ ಪೂರ್ತಿ ತೆಗದು ಹಾಕೀನಿ, 'ಎಡ-ಬಲ ಸರಿಸಿ', 'ಮ್ಯಾಲೆ-ಕೆಳಗ ಸರಿಸಿ' ಅಂತ ಸರಿಯೋ ದಿಕ್ಕು ಬರದೀನಿ, ಯಾವ ಸಾಫ್ಟ್‌ವೇರ್ ಇದ್ರೂ ನಡೀತದ. ನಿಂತಲ್ಲೇ ನಿಂದರೋ ವಸ್ತುವಿಗೆ 'ಗೂಟ' ಅಂದೀನಿ. ಎಮ್ಮಿ ಸರೀತದ, ಗೂಟ ಸರಿಯಂಗಿಲ್ಲ. ಗುಮ್ಮಟ ಗೂಟ. ಒತ್ತಿನ ವಿಷಯ ಜಮಖಂಡಿಯವರು ಹೇಳಿದಂಗ ಅರ್ಧ ಪುಟ ಸೇರಸೀನಿ, ಬಾಳ ಉಪಕಾರ ಆತ್ರಿ. ನಕಾಶೆ ನಕಾಶೆ ಆಗೇ ಅದ.

'ಡಿಸ್ಟ್ರಿಬ್ಯೂಟ್' ಒಂದು ಯಾರೂ ಮುಟ್ಟಲಿಲ್ಲ. 'ಹಂಚು' ಅಂತ ಹಾಕಿದ್ರ ಹುಡುಗರು ಮನಿ ಮ್ಯಾಲಿನ ಹಂಚು ತಿಳಕೊಳ್ತಾರ. ಸಂಜಿ ಐದರ ತನಕ ಟೈಮ್ ಅದ.

— ವಿಜಯಪುರದಿಂದ

*

ಸಮ ಬಿಡು.

— ಅಥಣಿ

*

'ಸಮ' ಸಂಸ್ಕೃತ.

— ಬಾಗಲಕೋಟಿ